ಗುರುವಾರದ ಗಾಳ

ಸೋಮವಾರ, ಸೆಪ್ಟೆಂಬರ್ 2

ನಿದ್ದೆ ಬರುತ್ತಿಲ್ಲವೆಂದು ಹೇಳಿದ್ದಕ್ಕೆ ಕಾರ್ಖಾನೆಯ ನರ್ಸ್ ಮಾತ್ರೆ ಕೊಡಲಿಲ್ಲ. "ದಿನಾ ಏನಾದ್ರೂ ಬರಿ" ಎಂದಳು. ಯಾರಿಗೆ ಬರೆಯಲಿ ಎಂದು ಕೇಳಿದೆ. "ಯಾರಿಗೂ ಬೇಡ, ಯಾರೂ ಓದಬಾರ್ದು" ಎಂದಳು. ಯಾರೂ ಓದದ್ದನ್ನು ಬರೆಯುವುದು ನನಗೇನೂ ಹೊಸದಲ್ಲ. ಹದಿನೆಂಟು ವರ್ಷದಿಂದ ಈ ಒಲೆ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಕೂತು ಸುತ್ತೋಲೆ ಬರೆಯುತ್ತಿದ್ದೇನೆ.

ಇವತ್ತು ಮಾಲೀಕ ರೇಯೊ ಕರೆದ. ಅವನು ಟಾಂಪೆರೆ ನಗರದಲ್ಲಿ ಎರಡು ದಿನದ ವಿಚಾರ ಸಂಕಿರಣ ಮುಗಿಸಿ ಬಂದಿದ್ದಾನೆ. ಹೋಗುವಾಗ ಮನುಷ್ಯರ ಹಾಗೆ ಮಾತಾಡುತ್ತಿದ್ದವನು ಈಗ ಬಾಯಿ ತೆರೆದರೆ ನೂರಕ್ಕೆ ಇಷ್ಟು, ನೂರಕ್ಕೆ ಅಷ್ಟು ಎನ್ನುತ್ತಾನೆ. ವಿಷಯ ಏನೆಂದರೆ, ಸುಳ್ಳು ಇಮೇಲ್ ಕಳಿಸಿ ಪಾಸ್‌ವರ್ಡ್ ಕದಿಯುವ ಕಳ್ಳರು ಎಲ್ಲ ಕಡೆ ಹೆಚ್ಚಿದ್ದಾರಂತೆ. ಅಂಥ ಗಾಳದ ಮೇಲ್‌ಗಳನ್ನು ಗುರುತಿಸಿ ವರದಿ ಮಾಡುವುದನ್ನು ನೌಕರರಿಗೆ ಕಲಿಸಿ, ವರ್ಷದ ಕೊನೆಗೆ ಲೆಕ್ಕ ಒಪ್ಪಿಸಿ, ಇಲ್ಲವಾದರೆ ವಿಮೆ ಮುಂದುವರಿಸುವುದಿಲ್ಲ ಎಂದು ವಿಮೆಯವರು ಹೇಳಿದ್ದಾರೆ. ಕಲಿಸುವ ಕ್ರಮವನ್ನೂ ಅವರೇ ಕೊಟ್ಟಿದ್ದಾರೆ. ನಮ್ಮವರಿಗೆ ನಾವೇ ಸುಳ್ಳು ಮೇಲ್ ಕಳಿಸಬೇಕು. ಲಿಂಕ್ ಒತ್ತಿದವರು ಸಿಕ್ಕಿಬಿದ್ದ ಹಾಗೆ. ಅವರಿಗೆ ಗುರುವಾರ ಮಧ್ಯಾಹ್ನ ಎರಡಕ್ಕೆ ಒಂದು ತಾಸು ಪಾಠ.

"ಇದಕ್ಕೆ ನಾನ್ಯಾಕೆ?" ಎಂದೆ.

"ನೀನೇ ಸರಿ ಐಲಾ. ನೀನು ಯಾರನ್ನೂ ನಂಬಲ್ಲ."

ಇಷ್ಟು ವರ್ಷದಲ್ಲಿ ಅವನು ನನ್ನನ್ನು ಹೊಗಳಿದ್ದು ಇದೇ ಮೊದಲು.

ಸಂಜೆ ಆಲೂಗಡ್ಡೆ ಬೇಯಿಸಿಕೊಂಡೆ. ಒಬ್ಬಳಿಗೆ ಅಡುಗೆ ಮಾಡುವುದರಲ್ಲಿ ಒಂದು ಅನುಕೂಲವಿದೆ, ಬೇಗ ಮುಗಿಯುತ್ತದೆ. ಸೆಪ್ಪೊ ಏಪ್ರಿಲ್‌ನಲ್ಲಿ ಮನೆ ಬಿಟ್ಟ. ಕೆಲಸದ ಜಾಗದಲ್ಲಿ ಹೇಳಿಲ್ಲ. ಗಂಡ ಹೋದನೆಂದು ಸುತ್ತೋಲೆ ಹೊರಡಿಸಲಾಗುತ್ತದೆಯೇ.

ಮಂಗಳವಾರ, ಸೆಪ್ಟೆಂಬರ್ 10

ಮೊದಲ ಗಾಳ ಬಿಟ್ಟೆ. "ನಿಮ್ಮ ಪಾರ್ಸೆಲ್ ಅಂಚೆಯಲ್ಲಿ ಕಾದಿದೆ, ಬಿಡಿಸಿಕೊಳ್ಳಲು ಇಲ್ಲಿ ಒತ್ತಿ." ನಿಜದ ಕಳ್ಳರ ಹಾಗೆ ಕಾಣಲೆಂದು ಬೇಕೆಂದೇ ಎರಡು ಕಾಗುಣಿತ ತಪ್ಪು ಮಾಡಿದೆ. ಅಭ್ಯಾಸಬಲದಿಂದ ತಿದ್ದಿಬಿಟ್ಟು, ಮತ್ತೆ ತಪ್ಪು ಮಾಡಬೇಕಾಯಿತು.

ಊಟದ ಹೊತ್ತಿಗೆ ನೂರಕ್ಕೆ ಇಪ್ಪತ್ತು ಜನ ಒತ್ತಿದ್ದರು. ವರದಿ ಮಾಡಿದವರು ಒಬ್ಬರೂ ಇಲ್ಲ. ಗೋದಾಮಿನ ಪೆಂಟಿ ಒತ್ತಿರಲಿಲ್ಲ. ಅನುಮಾನ ಬಂದರೆ ನನಗೆ ಹೇಳಬೇಕಲ್ಲವೇ ಎಂದು ಅವನನ್ನು ಕೇಳಿದೆ. "ಹೇಳೋದೇನು? ಅಳಿಸ್ದೆ" ಎಂದ. ಈ ವರ್ಷ ಅವನು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದು.

ಒಸ್ಮೊ ಒಂದೇ ಲಿಂಕನ್ನು ಮೂರು ಸಲ ಒತ್ತಿದ್ದಾನೆ. ಹೊಸ ಮಾದರಿಯ ಒಲೆ ತಯಾರಾದಾಗಲೆಲ್ಲ ಹಿಂದಿನ ಶೆಡ್ಡಿನಲ್ಲಿರುವ ಸೌನಾದ ಹಬೆ ಸ್ನಾನದ ಕೋಣೆಯಲ್ಲಿ ಬೆಂಕಿ ಹಾಕಿ, ಒಳಗೆ ಕೂತು, ಕಲ್ಲು ಎಷ್ಟು ಕಾಯುತ್ತದೆಂದು ನೋಡುವುದು ಅವನ ಕೆಲಸ. ಮುಖ ಯಾವಾಗಲೂ ಬೀಟ್‌ರೂಟಿನ ಬಣ್ಣ. ಆ ಶಾಖ ತಲೆಗೂ ಏರಿರಬೇಕು.

ಸಿಕ್ಕಿಬಿದ್ದವರ ಹೆಸರನ್ನು ಅಕಾರಾದಿಯಾಗಿ, ದೊಡ್ಡ ಅಕ್ಷರದಲ್ಲಿ ಕ್ಯಾಂಟೀನಿನ ಫಲಕಕ್ಕೆ ಅಂಟಿಸಿದೆ. ನೋಡಿ ತೃಪ್ತಿಯಾಯಿತು.

ಗುರುವಾರ, ಸೆಪ್ಟೆಂಬರ್ 12

ಮೊದಲ ಪಾಠ. ಅಂಗಡಿಯ ಒಣ ಬಿಸ್ಕತ್ತು ಇಟ್ಟಿದ್ದೆ, ಯಾರೂ ಮುಟ್ಟಲಿಲ್ಲ. ಎಲ್ಲರೂ ಗೋಡೆಗೆ ಅಂಟಿ ಹಿಂದಿನ ಸಾಲಿನಲ್ಲಿ ಕೂತರು. ಮುಂದಿನ ಸಾಲಿನಲ್ಲಿ ಒಸ್ಮೊ ಒಬ್ಬನೇ. ಕಳಿಸಿದವರ ವಿಳಾಸ ನೋಡಿ, ಅವಸರ ಮಾಡಿಸುವ ಮಾತನ್ನು ನಂಬಬೇಡಿ, ಅನುಮಾನ ಬಂದರೆ ಹೇಳಿ ಎಂದು ವಿವರಿಸಿದೆ. ಪ್ರಶ್ನೆ ಇದೆಯೇ ಎಂದೆ. ಕೊನೆಗೆ ಒಸ್ಮೊ ಕೈ ಎತ್ತಿದ.

"ಮುಂದಿನ ಗುರುವಾರಾನೂ ಇರುತ್ತಾ?"

"ಮತ್ತೆ ಒತ್ತಿದವರಿಗೆ ಮಾತ್ರ!" ಎಂದು ಗಡುಸಾಗಿ ಹೇಳಿದೆ.

ಅವನು ತಲೆಯಾಡಿಸಿ ಯೋಚನೆಯಲ್ಲಿ ಬಿದ್ದ. ಒಬ್ಬನಾದರೂ ಹೆದರಿದ್ದಾನೆ.

ಮಂಗಳವಾರ, ಸೆಪ್ಟೆಂಬರ್ 24

ಇವತ್ತಿನದು ನನ್ನ ಅತ್ಯುತ್ತಮ ಕೃತಿ. "ಖರ್ಚು ಉಳಿಸುವ ಸಲುವಾಗಿ ಕ್ಯಾಂಟೀನಿನಲ್ಲಿ ಗುರುವಾರದ ಬಟಾಣಿ ಸಾರನ್ನು ನಿಲ್ಲಿಸಲಾಗುವುದು. ವಿರೋಧವಿದ್ದಲ್ಲಿ ಇಲ್ಲಿ ಒತ್ತಿ."

ಅರ್ಧ ಕಾರ್ಖಾನೆ ಒತ್ತಿತು. ಪೆಂಟಿಯೂ ಒತ್ತಿದ. ಬಣ್ಣ ಹಾಕುವ ವಿಭಾಗದ ನಾಲ್ವರು ಲಿಂಕ್ ಒತ್ತಿದ್ದು ಸಾಲದೆಂದು ಕೆಲಸದ ಮೇಲಂಗಿಯಲ್ಲೇ ರೇಯೊನ ಕೋಣೆಗೇ ನುಗ್ಗಿದರಂತೆ. ಅವನಿಗೆ ತಲೆಬುಡ ಗೊತ್ತಿಲ್ಲ. ಸಾರು ನಿಲ್ಲುವುದಿಲ್ಲ ಎಂದು ಬರೆದುಕೊಡು ಎಂದು ಪಟ್ಟು ಹಿಡಿದು ಬರೆಸಿಕೊಂಡೇ ಹೋದರು.

ಲೆಕ್ಕಪತ್ರ ವಿಭಾಗದ ಹಿಲ್ಕಾಳೂ ಸಿಕ್ಕಿಬಿದ್ದಳು. ರೇಯೊನ ಅಪ್ಪನ ಕಾಲದಿಂದ ಇಲ್ಲಿರುವವಳು. ಫಲಕದಲ್ಲಿ ತನ್ನ ಹೆಸರು ಓದಿ, ಕೈಯಲ್ಲಿದ್ದ ಹೆಣಿಗೆ ಕಡ್ಡಿಯನ್ನು ನನ್ನ ಕಡೆ ತಿರುಗಿಸಿ ಹೇಳಿದಳು: "ನಲವತ್ತು ವರ್ಷ ಒಂದು ಪೈಸೆ ಆಚೀಚೆ ಮಾಡಿಲ್ಲ ನಾನು. ನಿನ್ನ ಸಾರಿನ ದೆಸೆಯಿಂದ ಕಳ್ಳರ ಥರ ಗೋಡೆ ಮೇಲೆ ನೇತಾಡ್ತಾ ಇದ್ದೀನಿ. ಖುಷಿಯಾಯ್ತಾ ಮಾರಾಯ್ತಿ?"

ವೈಯಕ್ತಿಕವಾಗಿ ತೆಗೆದುಕೊಳ್ಳಬಾರದು ಎಂದೆ. ವೈಯಕ್ತಿಕವಾಗಿಯೇ ತೆಗೆದುಕೊಂಡಳು.

ಶುಕ್ರವಾರ, ಸೆಪ್ಟೆಂಬರ್ 27

ಯಾರೂ ಮಾತಾಡಿಸಲಿಲ್ಲ. ಕಾಫಿ ಯಂತ್ರದ ಬಳಿ ನಾನು ಹೋದ ಕೂಡಲೇ ಎಲ್ಲರಿಗೂ ಕೆಲಸ ನೆನಪಾಯಿತು. ಶಾಂತಿಯಿದೆ. ಫೈಲುಗಳಿಗೆ ಒಳ್ಳೆಯದು.

ಮಂಗಳವಾರ, ಅಕ್ಟೋಬರ್ 8

ರೋವಾನಿಯೆಮಿಗೆ ಹೋಗಬೇಕಿದ್ದ ಒಲೆಗಳು ರೌಮಾ ಊರಿಗೆ ಹೋಗಿವೆ. ಗೋದಾಮಿನಿಂದ ಬರುವ ಚೀಟಿಗಳೆಲ್ಲ ಒಂದು ವಾರದಿಂದ ಕೈಬರಹದಲ್ಲಿವೆಯಂತೆ, ಓದಲು ಬರುವುದಿಲ್ಲವಂತೆ. ನೋಡಿ ಬಾ ಎಂದು ರೇಯೊ ನನ್ನನ್ನು ಕಳಿಸಿದ.

ಪೆಂಟಿ ಮೂಲೆಯ ಮೇಜಿನಲ್ಲಿ ಪೆನ್ಸಿಲ್ ಹಿಡಿದು ಕೂತಿದ್ದ. ಪಕ್ಕದ ಕಂಪ್ಯೂಟರಿನ ಮೇಲೆ ಅವನ ಚಳಿ ಕೋಟು ಹೊದಿಸಿತ್ತು. ಪ್ಲಗ್ ಕಿತ್ತಿತ್ತು.

"ಇದಕ್ಕೆ ಯಾಕೆ ಕೋಟು ಹೊದಿಸಿದ್ದೀಯ?"

"ಚಳಿ."

"ಕಂಪ್ಯೂಟರಿಗಾ?"

ಅವನು ಪೆನ್ಸಿಲ್ ಚೂಪು ಮಾಡತೊಡಗಿದ. ಮಾಡುತ್ತಲೇ ಇದ್ದ. ಪೆನ್ಸಿಲ್ ಹೆಬ್ಬೆರಳಿನಷ್ಟಾದ ಮೇಲೆ ಬಾಯಿಬಿಟ್ಟ. "ಬ್ಯಾಂಕಿಂದ ಅಂತ ಒಂದು ಮೇಲ್ ಬಂತು. ಒತ್ತಿಬಿಟ್ಟೆ. ಆಮೇಲೆ ಏನೋ ಬೇರೆ ಥರ ತೆರ್ಕೊಳ್ತು. ನಿಂದೋ, ನಿಜದ್ದೋ ಗೊತ್ತಾಗ್ಲಿಲ್ಲ. ಹೆದರಿ ಪ್ಲಗ್ ಕಿತ್ತೆ."

"ನನಗೆ ಹೇಳಬಾರದಿತ್ತಾ ಪೆಂಟಿ?"

"ಹೇಳಿದ್ರೆ ಫಲಕಕ್ಕೆ ಹಾಕ್ತೀಯ. ನನ್ನ ಹೆಂಡ್ತಿ ಕ್ಯಾಂಟೀನಲ್ಲೇ ಇರೋದು. ದಿನಾ ಓದ್ತಾಳೆ. ಅವಳು ಓದಿದ್ರೆ ಪರವಾಗಿಲ್ಲ, ಸಾರು ಬಡಿಸ್ತಾ ಎಲ್ಲರಿಗೂ ಓದಿ ಹೇಳ್ತಾಳೆ."

ಮೇಲ್ ನನ್ನದಾಗಿರಲಿಲ್ಲ. ನಿಜದ ಕಳ್ಳರದು. ಕುವೋಪಿಯೊದಲ್ಲಿ ನಮ್ಮ ಕಂಪ್ಯೂಟರ್ ನೋಡಿಕೊಳ್ಳುವವನಿಗೆ ಫೋನ್ ಮಾಡಿದೆ. ಪ್ಲಗ್ ಕಿತ್ತದ್ದರಿಂದ ಏನೂ ಆಗಿಲ್ಲ ಎಂದ. ಅದನ್ನು ಕೇಳಿ ಪೆಂಟಿ ಕೋಟು ತೆಗೆದು ತೊಟ್ಟುಕೊಂಡ. ವಾರವಿಡೀ ಆ ಥಂಡಿ ಗೋದಾಮಿನಲ್ಲಿ ಬರೀ ಅಂಗಿಯಲ್ಲಿ ಕೂತಿದ್ದಾನೆ.

ಹೋಗುವಾಗ ಫಲಕದಿಂದ ಹೆಸರಿನ ಹಾಳೆಗಳನ್ನು ತೆಗೆದೆ. ಅಂಚು ಸುರುಳಿ ಸುತ್ತಿ ಅಸಹ್ಯವಾಗಿ ಕಾಣುತ್ತಿತ್ತು. ಬೇರೆ ಕಾರಣವೇನಿಲ್ಲ.

ಗುರುವಾರ, ಅಕ್ಟೋಬರ್ 10

ಒಸ್ಮೊ ಮತ್ತೆ ಸಿಕ್ಕಿಬಿದ್ದಿದ್ದಾನೆ. ಇದುವರೆಗೆ ಕಳಿಸಿದ ಒಂದನ್ನೂ ಅವನು ಬಿಟ್ಟಿಲ್ಲ. ಈ ಸಲ ಬಟ್ಟೆ ಮುಚ್ಚಿದ ತಟ್ಟೆಯೊಂದಿಗೆ ಬಂದ. ಏಲಕ್ಕಿ ಬನ್ನು. ಪರೀಕ್ಷೆಗೆ ಬಂದ ಹೊಸ ಒಲೆಯ ಕಲ್ಲಿನ ಮೇಲೆ ಬಾಣಲೆ ಇಟ್ಟು ಬೇಯಿಸಿದನಂತೆ.

"ಒಲೆ ಹೇಗಿದೆ ಅಂತ ನೋಡೋಕೆ" ಎಂದ.

ಕಂಪನಿಯ ಒಲೆಯಲ್ಲಿ ಬನ್ನು ಬೇಯಿಸುವುದು ನಿಯಮಕ್ಕೆ ವಿರುದ್ಧ ಎಂದು ಹೇಳಿದೆ. ಎರಡು ತಿಂದೆ. ಹೊಗೆಯ ವಾಸನೆ ಹೊಡೆಯುತ್ತಿತ್ತು, ಕೆಟ್ಟದಾಗಿರಲಿಲ್ಲ. ಪೆಂಟಿ ತನ್ನ ಕೋಟಿನ ಕಥೆಯನ್ನು ತಾನಾಗಿಯೇ ಎಲ್ಲರಿಗೂ ಹೇಳಿದ. ಕೇಳಿ ಬಣ್ಣದ ವಿಭಾಗದ ಒಬ್ಬ ತನಗೂ ಲಾಟರಿ ಮೇಲ್ ಬಂದಿತ್ತೆಂದ. ಇನ್ನೊಬ್ಬ ತನ್ನ ಅತ್ತೆಗೆ ಒಬ್ಬ ಅಮೆರಿಕದ ಸೇನಾಧಿಕಾರಿ ಪ್ರೇಮಪತ್ರ ಬರೆಯುತ್ತಿದ್ದಾನೆಂದ. ಮೂರು ಗಂಟೆ ದಾಟಿದ್ದು ಯಾರಿಗೂ ತಿಳಿಯಲಿಲ್ಲ. ನನ್ನ ಪಾಠ ಅರ್ಧಕ್ಕೇ ನಿಂತಿತು. ಶಿಸ್ತು ತರಬೇಕು.

ಮಂಗಳವಾರ, ಅಕ್ಟೋಬರ್ 22

ಈ ಸಲದ ಗಾಳ: "ನಿಮ್ಮ ಮೂಸ್ ಜಿಂಕೆ ಬೇಟೆಯ ಪರವಾನಗಿ ರದ್ದಾಗಿದೆ. ಕಾರಣ ತಿಳಿಯಲು ಒತ್ತಿ." ಬೇಟೆಯ ಕಾಲವಾದ್ದರಿಂದ ಗಂಡಸರು ಒತ್ತುವುದು ನಿರೀಕ್ಷಿತವೇ. ಆದರೆ ಹಿಲ್ಕಾ?

"ನಿನ್ನ ಹತ್ತಿರ ಬಂದೂಕೇ ಇಲ್ಲವಲ್ಲ ಹಿಲ್ಕಾ."

"ಇಲ್ಲ" ಎಂದಳು, ಹೆಣಿಗೆಯಿಂದ ತಲೆ ಎತ್ತದೆ. "ಹಂಗಂತ ರದ್ದು ಮಾಡಿದ್ರೆ ಬೇಜಾರಾಗಲ್ವಾ? ಅದಿರ್ಲಿ, ಗುರುವಾರ ಎರಡಕ್ಕೇ ತಾನೆ?"

ಒಳ್ಳೆಯ ಅಂಶವೆಂದರೆ, ಒತ್ತಿದವರೆಲ್ಲ ಈಗ ತಾವಾಗಿಯೇ ಬಂದು ಹೇಳುತ್ತಾರೆ. ಒತ್ತಿದ ಕೈ ಇನ್ನೂ ಬಿಸಿ ಇರುವಾಗಲೇ ಬಾಗಿಲಲ್ಲಿ ನಿಲ್ಲುತ್ತಾರೆ.

ಒಸ್ಮೊನ ಬನ್ನಿಗೆ ಏಲಕ್ಕಿ ಸಾಲದು. ಬೋಧನೆಯ ದೃಷ್ಟಿಯಿಂದ ಈ ವಾರ ನಾನೇ ಎರಡು ತಟ್ಟೆ ಮಾಡುತ್ತಿದ್ದೇನೆ.

ಗುರುವಾರ, ಅಕ್ಟೋಬರ್ 31

ಕುರ್ಚಿ ಸಾಲಲಿಲ್ಲ. ಕೆಲವರು ಕಿಟಕಿ ಕಟ್ಟೆಯ ಮೇಲೆ ಕೂತರು. ಹಿಲ್ಕಾ ಮುಂದಿನ ಸಾಲಿಗೆ ಬಂದಿದ್ದಾಳೆ, ಬೆಳಕು ಚೆನ್ನಾಗಿದೆಯಂತೆ.

ಮೋಸ ಹೋದವರು ಯಾಕೆ ಹೇಳುವುದಿಲ್ಲ ಎಂದು ಕೇಳಿದೆ. ಪೆಂಟಿ "ನಾಚಿಕೆ" ಎಂದ. ನಾಚಿಕೆ ಪಡುವಂಥದ್ದೇನೂ ಇಲ್ಲ, ಮೋಸ ಮಾಡಿದವನು ಪಡಬೇಕು ಎಂದು ನಾನು ವಿಮೆಯವರ ಪುಸ್ತಕದಲ್ಲಿದ್ದಂತೆ ಹೇಳಿದೆ.

"ನಿಂಗೇನ್ ಗೊತ್ತು ಐಲಾ" ಎಂದಳು ಹಿಲ್ಕಾ. "ನೀನು ಯಾವತ್ತು ಮೋಸ ಹೋಗಿದ್ದೀಯ?"

ನಾನು ಪರದೆಯ ಮೇಲೆ ಪಾಠದ ಮುಂದಿನ ಚಿತ್ರ ತೋರಿಸಬೇಕಿತ್ತು. ಅದರ ಬದಲು ನನ್ನ ಬಾಯಿಂದ, "ಸೆಪ್ಪೊ ಏಪ್ರಿಲ್‌ನಲ್ಲಿ ಹೋದ. ಲಾಪೆನ್‌ರಾಂಟಾದಲ್ಲಿ ವರ್ಷದಿಂದ ಇನ್ನೊಂದು ಮನೆ ಮಾಡಿದ್ದ. ಕೆಲಸದ ಮೇಲೆ ಹೋಗ್ತೀನಿ ಅಂತಿದ್ದ. ನಾನೇ ಬುತ್ತಿ ಕಟ್ಟಿ ಕಳಿಸ್ತಿದ್ದೆ" ಎಂದು ಬಂದುಬಿಟ್ಟಿತು.

ಹಿಲ್ಕಾ ಹೆಣೆಯುವುದನ್ನು ನಿಲ್ಲಿಸಲಿಲ್ಲ.

"ನಮಗೆ ಮೇ ತಿಂಗಳಲ್ಲೇ ಗೊತ್ತಿತ್ತು ಕಣೇ" ಎಂದಳು.

"ಗೊತ್ತಿದ್ದೂ ಯಾರೂ ಯಾಕೆ ಕೇಳಲಿಲ್ಲ?"

"ನೀನು ಹೇಳಿರ್ಲಿಲ್ವಲ್ಲ."

ಆಗ ಒಸ್ಮೊ ಗಂಟಲು ಸರಿ ಮಾಡಿಕೊಂಡ. "ಸೆಪ್ಪೊ ಸೌನಾದಲ್ಲಿ ಯಾವಾಗ್ಲೂ ಕೆಳಗಿನ ಬೆಂಚಲ್ಲೇ ಕೂರ್ತಿದ್ದ. ಶಾಖ ತಡಕೊಳ್ಳೋಕಾಗ್ದೋನು. ನಂಗೆ ಅವನ ಮೇಲೆ ಅವತ್ತಿಂದಲೂ ಅನುಮಾನ."

ಗಂಡಸರೆಲ್ಲ ಗಂಭೀರವಾಗಿ ತಲೆಯಾಡಿಸಿದರು. ನನಗೆ ನಗು ಬಂತು. ನಕ್ಕೆ. ಸಾಕಷ್ಟು ಹೊತ್ತು ನಕ್ಕೆನೆಂದು ಕಾಣುತ್ತದೆ, ಯಾಕೆಂದರೆ ಪೆಂಟಿ ನೀರು ತಂದುಕೊಟ್ಟ.

ಅಧ್ಯಾಪಕಿಯಾಗಿ ನಾನು ವಿಫಲಳಾದ ದಿನ.

ಶುಕ್ರವಾರ, ನವೆಂಬರ್ 1

ಬೆಳಗಿನವರೆಗೆ ಒಂದೇ ನಿದ್ದೆ. ಹಳೆಯ ದಿಂಬನ್ನು ಬದಲಿಸಿದ್ದು ಒಳ್ಳೆಯದಾಯಿತು.

ಮಂಗಳವಾರ, ನವೆಂಬರ್ 12

ರೇಯೊ ಗೋಡೆಯ ಮೇಲೆ ನಕ್ಷೆ ಹಾಕಿದ್ದ. ಕೆಂಪು ಗೆರೆ ಬೆಟ್ಟ ಹತ್ತಿತ್ತು.

"ಸೆಪ್ಟೆಂಬರಲ್ಲಿ ನೂರಕ್ಕೆ ಇಪ್ಪತ್ತು ಜನ ಒತ್ತಿದ್ರು. ಈಗ ಅರವತ್ತು ದಾಟಿದೆ. ನೀನು ಕಲಿಸ್ತಿದ್ದೀಯೋ ಮರೆಸ್ತಿದ್ದೀಯೋ?"

"ಒತ್ತಿದವರೆಲ್ಲ ತಕ್ಷಣ ಬಂದು ಹೇಳ್ತಾರೆ ರೇಯೊ. ನಗ್ತಾ ಬರ್ತಾರೆ."

"ಯಾಕೆ ನಗ್ತಾರೆ?"

ನಾನು ವರದಿಗಳ ಫೈಲನ್ನು ಅವನ ಮುಂದಿಟ್ಟೆ.

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು ಹೇಳಿದ: "ಈ ಲೆಕ್ಕ ಕೊಟ್ರೆ ವಿಮೆ ಇಲ್ಲ. ವಿಮೆ ಇಲ್ಲ ಅಂದ್ರೆ ನಮ್ಮ ಒಲೆ ಕೇಳಿರೋ ಸ್ವೀಡನ್ನಿನ ಹೋಟೆಲಿನವರು ಒಪ್ಪಂದಕ್ಕೆ ಸಹಿ ಹಾಕಲ್ಲ. ಅದಿಲ್ಲ ಅಂದ್ರೆ ಜನವರಿಯಿಂದ ಅರ್ಧ ಜನರನ್ನ ಸಂಬಳ ಇಲ್ಲದೆ ಮನೇಲಿ ಕೂರಿಸ್ಬೇಕು. ಆ ಕಾಗದಕ್ಕೆಲ್ಲ ನೀನೇ ಹೆಸರು ತುಂಬಿಸ್ಬೇಕು ಐಲಾ."

ಈ ತಿಂಗಳ ಕೊನೆಗೆ ಗುರುವಾರದ ಪಾಠ ಬಂದ್. ಹೊಸ ವರ್ಷದಿಂದ ಎಲ್ಲರೂ ತಮ್ಮ ತಮ್ಮ ಮೇಜಿನಲ್ಲಿ ಒಬ್ಬೊಬ್ಬರೇ ಕೂತು ವಿಡಿಯೊ ನೋಡಬೇಕು. ಒಸ್ಮೊನ ಇಮೇಲನ್ನು ಕಿತ್ತುಹಾಕಬೇಕಂತೆ. "ಅಷ್ಟೊಂದು ದಡ್ಡನ ಕೈಗೆ ಕಂಪ್ಯೂಟರ್ ಕೊಟ್ಟಿದ್ದೇ ತಪ್ಪು."

"ಅವನು ದಡ್ಡ ಅಲ್ಲ!" ಎಂದೆ. "ಸ್ವಲ್ಪ ನಿಧಾನ. ಆದ್ರೆ ಎಲ್ಲರಿಗಿಂತ ಗಮನ ಕೊಟ್ಟು ಕೇಳ್ತಾನೆ. ಕಣ್ಣೇ ಮಿಟುಕಿಸಲ್ಲ."

ಹೊರಗೆ ಬಂದಾಗ ಎದುರಿನ ಕೋಣೆಯ ಹಿಲ್ಕಾ ಕೇಳಿದಳು, "ಯಾಕಮ್ಮಾ ಅಷ್ಟು ಕೂಗ್ತಿದ್ದೆ?" ನಾನು ಕೂಗಿರಲಿಲ್ಲ. ಕೋಣೆಯ ಗೋಡೆ ತೆಳು.

ಮಂಗಳವಾರ, ನವೆಂಬರ್ 26

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರಿಗೂ ಒಂದು ಮೇಲ್ ಬಂತು. "ಕ್ರಿಸ್ಮಸ್ ಔತಣಕ್ಕೆ ನಿಮ್ಮ ಆಯ್ಕೆ ಹಂದಿಮಾಂಸವೋ ಮೀನೋ? ಪಾಸ್‌ವರ್ಡ್ ಹಾಕಿ ಆರಿಸಿ." ಕೆಳಗೆ ನಾವು ಪ್ರತಿವರ್ಷ ಊಟ ತರಿಸುವವರ ಹೆಸರಿತ್ತು. ನಾನು ಓದಿ ಮುಗಿಸುವುದರೊಳಗೆ ಪೆಂಟಿ ಗೋದಾಮಿನಿಂದ ಬೂಟುಗಾಲಲ್ಲೇ ಓಡಿಬಂದ, ಹಿಂದೆ ಹಿಮದ ಸಾಲು.

"ಐಲಾ, ಇದು ನಿಂದಾ?"

"ಅಲ್ಲ."

"ಅಯ್ಯೋ ದೇವ್ರೇ!" ಎಂದು ಅಲ್ಲಿಂದಲೇ ಉಳಿದವರಿಗೆ ಕೂಗಿ ಹೇಳಲು ಓಡಿದ.

ಬಣ್ಣದವರು ಬಂದರು, ಕ್ಯಾಂಟೀನಿನವರು ಬಂದರು, ಫೋನ್ ಒಂದೇ ಸಮನೆ ಹೊಡೆದುಕೊಂಡಿತು. ಒಸ್ಮೊ ಮಸಿ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತ.

"ಇದು ನಿಂದಲ್ಲ. ನಾನು ಒತ್ತಿಲ್ಲ."

"ನನ್ನದಲ್ಲ ಅಂತ ನಿನಗೆ ಹೇಗೆ ಗೊತ್ತಾಯ್ತು?"

"ನೀನು ಕಾಗುಣಿತ ತಪ್ಪು ಹಾಕಿದ್ರೂ ಅಲ್ಪವಿರಾಮ ಮಾತ್ರ ಸರಿಯಾದ ಜಾಗದಲ್ಲೇ ಇರುತ್ತೆ. ಆಮೇಲೆ ಕೊನೇಲಿ, 'ರಸ್ತೆ ಜಾರುತ್ತದೆ, ಜೋಪಾನ' ಅಂತ ಬರೀತೀಯ. ಯಾವ ಕಳ್ಳ ಹಂಗೆ ಬರೀತಾನೆ?"

ನಾನು ಹಾಗೆ ಬರೆಯುತ್ತೇನೆಯೇ? ಈಗ ತೆಗೆದು ನೋಡಿದೆ. ಅಕ್ಟೋಬರ್ ಮಧ್ಯದಿಂದ ಪ್ರತಿಯೊಂದರಲ್ಲೂ ಇದೆ. ಯಾವಾಗ ಶುರುವಾಯಿತೋ ತಿಳಿಯದು.

ಅಷ್ಟರಲ್ಲಿ ಹಿಲ್ಕಾ ಬಂದಳು. ಅವಳಿಗೆ ರೇಯೊನ ಹೆಸರಿನಲ್ಲಿ ಬೇರೊಂದು ಮೇಲ್ ಬಂದಿತ್ತು. ಒಂದು ಹೊಸ ಖಾತೆಗೆ ಈಗಲೇ ದೊಡ್ಡ ಮೊತ್ತ ಕಳಿಸು, ಗುಟ್ಟಾಗಿರಲಿ, ಯಾರಿಗೂ ಹೇಳಬೇಡ ಎಂದಿತ್ತು. "'ಪ್ರಿಯ ಹಿಲ್ಕಾ' ಅಂತ ಶುರು ಮಾಡಿದ್ದಾನೆ ನೋಡು. ರೇಯೊ ಹುಟ್ಟಿದಾಗಿಂದ ನನ್ನನ್ನ ಪ್ರಿಯ ಅಂದಿಲ್ಲ. ಅಂದಿದ್ರೆ ನಾನೇ ಡಾಕ್ಟರಿಗೆ ಫೋನ್ ಮಾಡಿರ್ತಿದ್ದೆ."

ಅಂದರೆ ರೇಯೊನ ಮೇಲ್ ಪೆಟ್ಟಿಗೆಗೆ ಕಳ್ಳರು ನುಗ್ಗಿದ್ದರು. ಅವನ ಕೋಣೆಯ ಬಾಗಿಲು ಮುಚ್ಚಿತ್ತು. ತಟ್ಟಿ ಒಳಗೆ ಹೋದೆ. ಅವನು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

"ಐಲಾ, ನಂಗೆ ಪರಿಚಯದವನೊಬ್ಬ ಇದ್ದಾನೆ" ಎಂದ. "ಅವನು... ಒಂದು ವೇಳೆ..."

"ಆ ಪರಿಚಯದವನು ಹಂದಿ ಒತ್ತಿದ್ನಾ ಮೀನು ಒತ್ತಿದ್ನಾ?"

"ಮೀನು."

"ಪಾಸ್‌ವರ್ಡ್ ಕೊಟ್ನಾ?"

"ಎರಡು ಸಲ. ಮೊದಲ್ನೇ ಸಲ ತಪ್ಪಾಗಿ ಹೊಡ್ದ."

ಎರಡು ತಿಂಗಳ ಹಿಂದೆ ಈ ಮಾತು ಕೇಳಿದ್ದರೆ ಹಾಳೆ, ಅಂಟು ಹುಡುಕಲು ಓಡುತ್ತಿದ್ದೆನೇನೋ. ಇವತ್ತು ಪುರುಸೊತ್ತು ಇರಲಿಲ್ಲ. "ಹೇಳಿದ್ದು ಒಳ್ಳೇದಾಯ್ತು ಅಂತ ಅವನಿಗೆ ಹೇಳು" ಎಂದೆ. ಅವನ ಕುರ್ಚಿಯಲ್ಲೇ ಕೂತು ಕುವೋಪಿಯೊದ ಕಂಪ್ಯೂಟರಿನವನಿಗೆ ಫೋನ್ ಮಾಡಿ ಅವನ ಪೆಟ್ಟಿಗೆಗೆ ಬೀಗ ಹಾಕಿಸಿದೆ. ಅಷ್ಟರೊಳಗೆ ಕಳ್ಳರು ನಮ್ಮ ಗಿರಾಕಿಗಳಿಗೂ ಅವನ ಹೆಸರಲ್ಲಿ ಮೇಲ್ ಕಳಿಸಿದ್ದರು.

ಅವರೆಲ್ಲರಿಗೂ ಫೋನ್ ಮಾಡಬೇಕಿತ್ತು. ನಾನು ಯಾರನ್ನೂ ಕರೆಯಲಿಲ್ಲ, ಗುರುವಾರದವರೆಲ್ಲ ಆಗಲೇ ಸಭಾಕೋಣೆಯಲ್ಲಿ ಸೇರಿದ್ದರು. ಜೀವಮಾನದಲ್ಲಿ ಅಪರಿಚಿತರಿಗೆ ಫೋನ್ ಮಾಡದ ಜನ ಒಬ್ಬೊಬ್ಬರು ಒಂದೊಂದು ಊರು ಹಂಚಿಕೊಂಡು ಕೂತರು. ಸ್ವೀಡನ್ನಿನ ಹೋಟೆಲಿನವರಿಗೆ ಮಾತಾಡಲು ಯಾರೂ ಒಪ್ಪದಿದ್ದಾಗ ಒಸ್ಮೊ ಫೋನ್ ತೆಗೆದುಕೊಂಡ. ಅವನ ಸ್ವೀಡಿಷ್ ಶಾಲೆಯ ಕಾಲದ್ದು. "ತೆರೀಬೇಡಿ. ತೆರೀಬೇಡಿ. ಮೋಸ. ರಸ್ತೆ ಜಾರುತ್ತೆ, ಜೋಪಾನ" ಎಂದು ಇಟ್ಟುಬಿಟ್ಟ.

ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು. ಯಾರಿಗೂ ನಷ್ಟವಾಗಲಿಲ್ಲ. ಪಾಸ್‌ವರ್ಡ್ ಕೊಟ್ಟವರು ಯಾರು ಎಂದು ಒಬ್ಬ ಕೇಳಿದ. "ನಮ್ಮಲ್ಲೊಬ್ಬರು. ಬಂದು ಹೇಳಿದ್ರು" ಎಂದೆ. ಎಲ್ಲರಿಗೂ ಗೊತ್ತಾಯಿತು. ಎಲ್ಲರೂ ಊಟಕ್ಕೆ ಎದ್ದರು.

ಗುರುವಾರ, ನವೆಂಬರ್ 28

ಕೊನೆಯ ಪಾಠವೆಂದು ತಿಳಿದು ಕಾರ್ಖಾನೆಯ ಮುಕ್ಕಾಲು ಪಾಲು ಬಂದಿತ್ತು. ಎರಡೂಕಾಲಿಗೆ ಬಾಗಿಲು ತೆರೆಯಿತು. ರೇಯೊ, ಟೋಪಿ ಕೈಯಲ್ಲಿ.

"ಮೀನು ಒತ್ತಿದವನು ನಾನು" ಎಂದ. "ಒತ್ತಿದವರು ಇಲ್ಲಿಗೆ ಬರ್ಬೇಕಂತಲ್ಲ."

ಪೆಂಟಿ ಬೆಂಚಿನ ಮೇಲೆ ಜರುಗಿ ಜಾಗ ಮಾಡಿಕೊಟ್ಟ. ಹಿಲ್ಕಾ ಹೆಣೆಯುತ್ತಲೇ, "ಬಾ ಪ್ರಿಯ ರೇಯೊ, ಕೂತ್ಕೋ" ಎಂದಳು. ಕೋಣೆ ಬಿದ್ದುಹೋಗುವಷ್ಟು ನಗು. ರೇಯೊನ ಮುಖ ಒಸ್ಮೊನ ಮುಖದ ಬಣ್ಣಕ್ಕೆ ತಿರುಗಿತು. ಪೂರ್ತಿ ಒಂದು ಗಂಟೆ ಕೂತ, ಮೂರು ಬನ್ನು ತಿಂದ, ಎದ್ದು ಹೋಗುವಾಗ ಪಾಠ ನಿಲ್ಲಿಸುವ ಮಾತನ್ನು ಹಿಂತೆಗೆದುಕೊಂಡ.

ಬುಧವಾರ, ಡಿಸೆಂಬರ್ 4

ವಿಮೆ ಕಂಪನಿಯ ಹೆಂಗಸು ಹೆಲ್ಸಿಂಕಿಯಿಂದ ಫೋನ್ ಮಾಡಿದಳು. ಒತ್ತುವುದು ಎಲ್ಲ ಕಡೆಯೂ ಒತ್ತುತ್ತಾರೆ, ಆದರೆ ನಿಜದ ದಾಳಿ ಬಂದ ದಿನ ಇಷ್ಟು ಬೇಗ, ಇಷ್ಟು ಜನ ಹೇಳಿದ್ದನ್ನು ತಾನು ಎಲ್ಲೂ ಕಂಡಿಲ್ಲ ಎಂದಳು. ವಿಮೆ ಮುಂದುವರಿಯುತ್ತದೆ. ಸ್ವೀಡನ್ನಿನವರೂ ಸಹಿ ಹಾಕುತ್ತಾರೆ.

"ಹೇಗೆ ಸಾಧಿಸಿದ್ರಿ?" ಎಂದು ಕೇಳಿದಳು.

"ಏಲಕ್ಕಿ" ಎಂದೆ. ಅದೊಂದು ಸಾಫ್ಟ್‌ವೇರಿನ ಹೆಸರೆಂದು ಬರೆದುಕೊಂಡಳೆಂದು ಕಾಣುತ್ತದೆ.

ಒಂದು ಸಣ್ಣ ತೊಡಕು ಉಳಿಯಿತು. ಒಬ್ಬ ನೌಕರ ನಮ್ಮ ಪ್ರತಿಯೊಂದು ಗಾಳಕ್ಕೂ ಸಿಕ್ಕಿ, ನಿಜದ್ದಕ್ಕೆ ಮಾತ್ರ ಸಿಕ್ಕಿಲ್ಲ. ಇದಕ್ಕೆ ಕಾರಣ ಕೊಡಿ ಎಂದಳು. ಸರಿಯಾದ ಪ್ರಶ್ನೆಯೇ. ನನ್ನ ಮೇಲ್ ಯಾವುದೆಂದು ಅಲ್ಪವಿರಾಮದಲ್ಲೇ ಗುರುತಿಸುವವನು ಒತ್ತಿದ್ದಾದರೂ ಯಾಕೆ? ಹಾಗಿದ್ದರೆ ಶರತ್ಕಾಲದ ನನ್ನ ಲೆಕ್ಕವೆಲ್ಲ ತಪ್ಪು. ತಲೆಬಿಸಿಯಾಗಿ ಹಿಂದಿನ ಶೆಡ್ಡಿಗೆ ಹೋದೆ. ಒಸ್ಮೊ ಹೊಸ ಒಲೆಗೆ ಸೌದೆ ತುಂಬುತ್ತಿದ್ದ.

"ನನ್ನ ಮೇಲ್ ಅಂತ ಗೊತ್ತಿದ್ದೂ ಒತ್ತಿದ್ಯಾ?"

"ಪಾರ್ಸೆಲ್ಲಿಗೆ ನಿಜವಾಗ್ಲೂ ಬಿದ್ದೆ" ಎಂದ. "ಮಿಕ್ಕಿದ್ದೆಲ್ಲ ಗೊತ್ತಿತ್ತು."

"ಯಾಕೆ? ವಿಮೆಯವರು ಕಾರಣ ಕೇಳ್ತಿದ್ದಾರೆ."

"ಹೇಳ್ಲೇಬೇಕಾ?"

"ಹೇಳ್ಲೇಬೇಕು."

ಅವನು ಒಂದು ಕೊರಡು ಎತ್ತಿ, ತಿರುಗಿಸಿ ನೋಡಿ, ಮತ್ತೆ ಕೆಳಗಿಟ್ಟ. "ಪಾಠ ಚೆನ್ನಾಗಿತ್ತು ಅಂತ ಹಾಕು."

"ಒಂದೇ ಪಾಠ ಒಸ್ಮೊ! ಪ್ರತಿ ಗುರುವಾರ ಅದನ್ನೇ ಹೇಳಿದ್ದೀನಿ. ಎಷ್ಟು ಸಲ ಕೇಳ್ತೀಯ?"

"ಕೇಳ್ತಿರ್ಲಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಎಷ್ಟು ಶ್ರಮಪಟ್ಟು ಚಿತ್ರ ಮಾಡಿದ್ದೆ! "ಕೇಳದೆ ಮತ್ತೇನು ಮಾಡ್ತಿದ್ದೆ ಮುಂದಿನ ಸಾಲಲ್ಲಿ ಕೂತು?"

"ನೋಡ್ತಿದ್ದೆ."

ಒಲೆಯ ಬಾಗಿಲು ತೆರೆದೇ ಇತ್ತು, ಅವನ ಕಿವಿ ಕೆಂಪಾಗಿತ್ತು. ಶೆಡ್ಡಿನಲ್ಲಿ ವಿಪರೀತ ಶಾಖ. ನನಗೂ ತಾಗಿತು. ಸರಿ ಎಂದು ಹೇಳಿ ಬಂದುಬಿಟ್ಟೆ. ಮೇಜಿಗೆ ಬಂದಮೇಲೆ ಗೊತ್ತಾಯಿತು, ಕೋಟು ಅಲ್ಲೇ ಬಿಟ್ಟು ಹಿಮದಲ್ಲಿ ಅಂಗಳ ದಾಟಿ ಬಂದಿದ್ದೆ. ಚಳಿ ಆಗಿರಲಿಲ್ಲ.

ಶುಕ್ರವಾರ, ಡಿಸೆಂಬರ್ 6

ಸ್ವಾತಂತ್ರ್ಯ ದಿನದ ರಜೆ. ಸಂಜೆ ಆರಕ್ಕೆ ಎಲ್ಲರಂತೆ ಕಿಟಕಿಯಲ್ಲಿ ಎರಡು ಮೇಣದಬತ್ತಿ ಹಚ್ಚಿದೆ. ವಿಮೆಯವರ ವರದಿ ಮುಗಿಸಲು ಕೂತರೆ ಒಸ್ಮೊನ ಜಾಗದಲ್ಲಿ ಏನು ಬರೆಯಬೇಕೆಂದು ಹೊಳೆಯಲಿಲ್ಲ. ಒಂದು ಸಲ ಬರೆದೆ, ಅಳಿಸಿದೆ. ಇದು ಕಚೇರಿ ಕೆಲಸವಾದ್ದರಿಂದ ಅವನಿಗೆ ಫೋನ್ ಮಾಡುವುದರಲ್ಲಿ ತಪ್ಪಿಲ್ಲ ಎಂದು ತೀರ್ಮಾನಿಸಿ ಮಾಡಿದೆ. ಮೊದಲ ಗಂಟೆಗೇ ಎತ್ತಿದ.

"ಒಸ್ಮೊ, ನಾನು ಐಲಾ. ಆ ವರದಿ. 'ನೌಕರನಿಗೆ ಎಲ್ಲವೂ ತಿಳಿದಿತ್ತು' ಅಂತ ಹಾಕಿದ್ದೀನಿ. ಸರೀನಾ?"

"ಸರಿ" ಎಂದ.

ಹೇಳಬೇಕಾದ್ದು ಮುಗಿದಿತ್ತು. ನಾನು ಇಡಬೇಕಿತ್ತು. ಅವನೂ ಇಡಬಹುದಿತ್ತು. ಅವನು ಉಸಿರಾಡುವುದು ಕೇಳುತ್ತಿತ್ತು, ಹಿಂದೆ ಎಲ್ಲೋ ಸೌದೆ ಚಟಪಟ ಎನ್ನುತ್ತಿತ್ತು. ಅವನ ಮನೆಯ ಕಿಟಕಿಯಲ್ಲೂ ಎರಡು ಬತ್ತಿ ಉರಿಯುತ್ತಿರಬೇಕು. ನಾನು ಮಾತಾಡಲಿಲ್ಲ. ಅವನೂ ಮಾತಾಡಲಿಲ್ಲ. ಹಾಗೆಯೇ ಇದ್ದೆವು. ನನ್ನ ಕಿಟಕಿಯ ಬತ್ತಿಗಳು ಅರ್ಧಕ್ಕಿಂತ ಕೆಳಗಿಳಿದವು.

ಕೊನೆಗೆ ಅವನೇ, "ಐಲಾ, ಇದ್ದೀಯಾ?" ಎಂದ.

"ಇದ್ದೀನಿ" ಎಂದೆ.

"ಹ್ಞಾಂ" ಎಂದ. ಮತ್ತೆ ಇಬ್ಬರೂ ಸುಮ್ಮನಾದೆವು.